ಕಲ್ಲು ಮತ್ತು ಹೆಸರು: ಇಂಗುಷ್ ಗೋಪುರಗಳ ದಾಖಲೀಕರಣ ಹಾಗೂ ಸಂರಕ್ಷಣೆಯ ಇತಿಹಾಸ

ಲಿಪಿ ತಡವಾಗಿ ದೊರೆತ ಸಮುದಾಯಗಳ ಇತಿಹಾಸವನ್ನು ಕಟ್ಟುವಾಗ ಸಂಶೋಧಕರಿಗೆ ಸಾಮಾನ್ಯವಾಗಿ ಎರಡು ಆಧಾರಗಳು ಒದಗುತ್ತವೆ. ಒಂದು, ಆ ಜನರು ಕಟ್ಟಿ ಬಿಟ್ಟುಹೋದ ಭೌತಿಕ ಅವಶೇಷಗಳು. ಮತ್ತೊಂದು, ಅವರ ನಾಲಿಗೆಯ ಮೇಲೆ ಉಳಿದುಬಂದ ಐತಿಹ್ಯ, ವಂಶಾವಳಿ ಮತ್ತು ಸ್ಥಳನಾಮಗಳು. ಮೊದಲನೆಯದು ಪುರಾತತ್ತ್ವಜ್ಞರ ಪಾಲಿಗೆ, ಎರಡನೆಯದು ಜಾನಪದ ವಿದ್ವಾಂಸರ ಪಾಲಿಗೆ ಎಂಬ ಹಂಚಿಕೆ ಬಹುಕಾಲದಿಂದ ನಡೆದುಬಂದಿದೆ. ಈ ಹಂಚಿಕೆಯಿಂದ ಆಗುವ ನಷ್ಟವೇನು ಎಂಬುದನ್ನು ಉತ್ತರ ಕಾಕಸಸ್‌ನ ಇಂಗುಷೆತಿಯಾದ ಮಧ್ಯಕಾಲೀನ ಗೋಪುರಗಳು ಸ್ಪಷ್ಟವಾಗಿ ತೋರಿಸುತ್ತವೆ. ಈ ಗೋಪುರಗಳನ್ನು ಒಂದೂವರೆ ಶತಮಾನದ ಅವಧಿಯಲ್ಲಿ ಯಾರು, ಹೇಗೆ ದಾಖಲಿಸಿದರು, ಅವುಗಳ ರಕ್ಷಣೆಯ ಪ್ರಯತ್ನದಲ್ಲಿ ಏನು ಉಳಿಯಿತು ಮತ್ತು ಏನು ಕೈತಪ್ಪಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲ, ಜನ ಮತ್ತು ಕಟ್ಟಡ

ಇಂಗುಷೆತಿಯಾ ರಷ್ಯಾ ಒಕ್ಕೂಟದ ಒಂದು ಪುಟ್ಟ ಗಣರಾಜ್ಯ. ಅದರ ದಕ್ಷಿಣದ ಪರ್ವತಭಾಗ ಜಾರ್ಜಿಯಾದ ಗಡಿಗೆ ಹೊಂದಿಕೊಂಡಿದೆ. ಅಸ್ಸಾ ಮತ್ತು ಅರ್ಮ್‌ಖಿ ನದಿಗಳ ಕಣಿವೆಗಳಲ್ಲಿ, ಅವುಗಳಿಗೆ ಬಂದು ಸೇರುವ ಕಮರಿಗಳ ಅಂಚಿನಲ್ಲಿ, ಎರ್ಜಿ, ಎಗಿಕಾಲ್, ಖಮ್ಖಿ, ತರ್ಗಿಮ್, ಲೈಮಿ, ತ್ಸೋರಿ, ವೊವ್ನುಷ್ಕಿ ಮೊದಲಾದ ಗೋಪುರಗ್ರಾಮಗಳು ಹರಡಿಕೊಂಡಿವೆ. ಇವುಗಳ ರಕ್ಷಣೆಗಾಗಿ 1988ರಲ್ಲಿ ಝೈರಾಖ್-ಅಸ್ಸಾ ಐತಿಹಾಸಿಕ, ವಾಸ್ತುಶಿಲ್ಪೀಯ ಹಾಗೂ ನೈಸರ್ಗಿಕ ಸಂರಕ್ಷಿತ ವಲಯವನ್ನು ಸ್ಥಾಪಿಸಲಾಯಿತು. ಗೋಪುರಗಳಲ್ಲದೆ ನೆಲದ ಮೇಲೆ ಕಟ್ಟಿದ ಸಮಾಧಿಗೃಹಗಳು, ಕುಲದೇವತೆಗಳ ಗುಡಿಗಳು ಹಾಗೂ ತ್ಖಬಾ-ಎರ್ಡಿ ಎಂಬ ಪ್ರಾಚೀನ ಕ್ರೈಸ್ತ ದೇವಾಲಯ ಈ ವಲಯದ ವ್ಯಾಪ್ತಿಯಲ್ಲಿವೆ.

ಕನ್ನಡದಲ್ಲಿ 'ಗೋಪುರ' ಎಂದೊಡನೆ ದೇವಾಲಯದ ಮಹಾದ್ವಾರ ಕಣ್ಣಮುಂದೆ ನಿಲ್ಲುತ್ತದೆ. ಕೋಟೆಯ ಗೋಡೆಗೆ ಸೇರಿದ ಕೊತ್ತಳ ಅಥವಾ ಉತ್ತರ ಕರ್ನಾಟಕದ ಊರುಗಳ ಹುಡೇವು ಸ್ವರೂಪದಲ್ಲಿ ಇದಕ್ಕೆ ಹೆಚ್ಚು ಸಮೀಪ. ಆದರೆ ಹುಡೇವು ಇಡೀ ಊರಿಗೆ ಕಾವಲು ಕೊಡುತ್ತದೆ. ಇಂಗುಷ್ ಗೋಪುರವಾದರೋ ಒಂದು ಕುಲದ ಆಸ್ತಿ, ಆ ಕುಲದ ಹೆಸರಿನಿಂದಲೇ ಅದರ ಗುರುತು. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳದೆ ಮುಂದಿನ ಚರ್ಚೆಯನ್ನು ಗ್ರಹಿಸುವುದು ಕಷ್ಟ.

ಸ್ಥಳೀಯರು ಗೋಪುರಗಳಲ್ಲಿ ಎರಡು ಮುಖ್ಯ ಬಗೆಗಳನ್ನು ಗುರುತಿಸುತ್ತಾರೆ. 'ಗಾಲಾ' ಎಂಬುದು ವಾಸದ ಗೋಪುರ. ಎರಡು ಅಥವಾ ಮೂರು ಅಂತಸ್ತಿನ ಈ ಕಟ್ಟಡದ ನಡುವೆ ಚೌಕಾಕಾರದ ಕಲ್ಲಿನ ಕಂಬವೊಂದು ನಿಂತು ತೊಲೆಗಳ ಭಾರವನ್ನು ಹೊರುತ್ತದೆ. ಕೆಳಗೆ ದನಕರುಗಳು, ಮೇಲೆ ಕುಟುಂಬ, ಅದರ ಮೇಲೆ ದವಸಧಾನ್ಯ ಎಂಬುದು ರೂಢಿಯ ವ್ಯವಸ್ಥೆ. 'ವೊವ್' ಎಂಬುದು ಯುದ್ಧಗೋಪುರ. ತಳದಲ್ಲಿ ಸುಮಾರು 5 ಮೀಟರ್ ಚದರವಿದ್ದು, ಮೇಲೇರಿದಂತೆ ಕಿರಿದಾಗುತ್ತಾ 20ರಿಂದ 30 ಮೀಟರ್ ಎತ್ತರಕ್ಕೆ ಏರುವ ಈ ಕಟ್ಟಡದಲ್ಲಿ ಐದು ಅಥವಾ ಆರು ಅಂತಸ್ತುಗಳಿರುತ್ತವೆ. ಬಾಗಿಲು ನೆಲಮಟ್ಟದಲ್ಲಿರದೆ ಎರಡನೆಯ ಅಂತಸ್ತಿನಲ್ಲಿರುತ್ತದೆ. ಏಣಿಯನ್ನು ಒಳಗೆ ಎಳೆದುಕೊಂಡರೆ ಹೊರಗಿನವರಿಗೆ ಪ್ರವೇಶವಿಲ್ಲ. ತುದಿಯಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲಿನ ಗೂಡುಗಳಿದ್ದು, ಅಲ್ಲಿಂದ ನೇರವಾಗಿ ಕೆಳಗೆ ಕಲ್ಲು ಬೀಳಿಸಬಹುದಾಗಿತ್ತು. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸೂಚ್ಯಾಕಾರದ ಛಾವಣಿ, ಛಾವಣಿಯ ನೆತ್ತಿಗೆ ಒಂದೇ ಒಂದು ಶಿಖರಶಿಲೆ. ಇವೆರಡು ಬಗೆಗಳ ನಡುವಿನ ಅರೆಯುದ್ಧಗೋಪುರಗಳೂ ಉಂಟು. ಯುದ್ಧಗೋಪುರಗಳ ನಿರ್ಮಾಣಕಲೆ 15ರಿಂದ 17ನೇ ಶತಮಾನಗಳ ನಡುವೆ ಪರಾಕಾಷ್ಠೆಯನ್ನು ಮುಟ್ಟಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಇಂಗುಷರು ತಮ್ಮನ್ನು 'ಗಲ್ಗಾಯ್' ಎಂದು ಕರೆದುಕೊಳ್ಳುತ್ತಾರೆ. ಈ ಹೆಸರು 'ಗಾಲಾ' ಶಬ್ದದಿಂದ ಬಂದಿತು, ಅದರ ಅರ್ಥ 'ಗೋಪುರದ ಜನ' ಎಂಬ ನಿಷ್ಪತ್ತಿ ಬಹಳ ಜನಪ್ರಿಯವಾಗಿದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಅದನ್ನು ಪ್ರಶ್ನಿಸಬಹುದು. ಆದರೂ ಒಂದು ಜನಾಂಗ ತನ್ನ ಹೆಸರನ್ನೇ ತನ್ನ ಕಟ್ಟಡದಿಂದ ವಿವರಿಸಿಕೊಳ್ಳುತ್ತದೆ ಎಂಬ ಸಂಗತಿ, ಆ ಕಟ್ಟಡಕ್ಕೆ ಅವರ ಕಲ್ಪನೆಯಲ್ಲಿರುವ ಸ್ಥಾನಕ್ಕೆ ಸಾಕ್ಷಿಯಾಗಿದೆ.

ನಿರ್ಮಾಣದ ಐತಿಹ್ಯಗಳು

ಗೋಪುರ ಕಟ್ಟುವ ವಿಧಾನದ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಭಾಗ ಮೌಖಿಕ ಮೂಲದ್ದು. ನಿವೇಶನವನ್ನು ಆರಿಸಿದ ಮೇಲೆ ನೆಲಕ್ಕೆ ನೀರು ಅಥವಾ ಹಾಲನ್ನು ಸುರಿಯುತ್ತಿದ್ದರಂತೆ. ಅದು ಇಂಗಿಹೋದರೆ ಮಣ್ಣನ್ನು ಇನ್ನಷ್ಟು ಅಗೆದು, ದ್ರವ ಇಂಗದೆ ನಿಲ್ಲುವ ಗಟ್ಟಿ ನೆಲ ಸಿಕ್ಕಿದ ಮೇಲೆ ಅಡಿಗಲ್ಲನ್ನು ಇಡುತ್ತಿದ್ದರು. ಆ ಸಂದರ್ಭದಲ್ಲಿ ಪ್ರಾಣಿಬಲಿ ನಡೆಯುತ್ತಿತ್ತು. ಗೋಪುರದ ಕೆಲಸ ಒಂದು ವರ್ಷದೊಳಗೆ ಮುಗಿಯಲೇಬೇಕು. ಮುಗಿಯದಿದ್ದರೆ ಆ ಕುಲ ದುರ್ಬಲವೆಂಬ ಅಪಖ್ಯಾತಿ ತಪ್ಪದು. ಶಿಖರಶಿಲೆಯನ್ನು ಇಡುವುದು ಅತ್ಯಂತ ಅಪಾಯದ ಕೆಲಸವಾದುದರಿಂದ ಅದಕ್ಕೆ ಶಿಲ್ಪಿಗೆ ಪ್ರತ್ಯೇಕ ಸಂಭಾವನೆ ಸಲ್ಲುತ್ತಿತ್ತು. ಸುಣ್ಣದ ಗಾರೆಗೆ ಹಾಲು ಬೆರೆಸುತ್ತಿದ್ದರೆಂಬ ಮಾತೂ ವ್ಯಾಪಕವಾಗಿ ಪ್ರಚಲಿತವಿದೆ.

ಇಂತಹ ಹೇಳಿಕೆಗಳನ್ನು ಎರಡು ನೆಲೆಗಳಲ್ಲಿ ಓದಬೇಕಾಗುತ್ತದೆ. ಹಾಲು ಸುರಿದು ನೆಲವನ್ನು ಪರೀಕ್ಷಿಸುವ ಕ್ರಮದಲ್ಲಿ ಆಚರಣೆಯೂ ಇದೆ, ತಂತ್ರಜ್ಞಾನವೂ ಇದೆ. ಬಂಡೆಯ ಮೇಲೆ ಅಥವಾ ಜಡಗಟ್ಟಿದ ಮಣ್ಣಿನ ಮೇಲೆ ನಿಂತ ಗೋಪುರಗಳು ಭೂಕಂಪನ ಪ್ರದೇಶದಲ್ಲಿಯೂ ಶತಮಾನಗಳ ಕಾಲ ಉಳಿದುಬಂದಿರುವುದು ಈ ತಿಳುವಳಿಕೆಯ ಫಲ. ಒಂದು ವರ್ಷದ ಗಡುವು ಕುಲದ ಪ್ರತಿಷ್ಠೆಯ ಮಾತಾಗಿರುವಂತೆ, ಗೋಪುರ ಪೂರ್ಣಗೊಳ್ಳುವವರೆಗೆ ಆ ಕುಟುಂಬ ಶತ್ರುಗಳಿಗೆ ತೆರೆದುಕೊಂಡಿರುತ್ತದೆ ಎಂಬ ವಾಸ್ತವದ ಅರಿವೂ ಆಗಿದೆ. ಗಾರೆಯಲ್ಲಿ ಹಾಲಿನಂಶ ನಿಜವಾಗಿ ಇದೆಯೇ ಎಂಬುದನ್ನು ಪ್ರತಿ ಕಟ್ಟಡದಲ್ಲಿ ಪ್ರಯೋಗಾಲಯವೇ ಹೇಳಬೇಕು. ಆದರೆ ಪಶುಪಾಲಕ ಸಮುದಾಯವೊಂದು ತನ್ನ ಅತ್ಯಮೂಲ್ಯ ಆಹಾರವನ್ನು ಗೋಡೆಗೆ ಅರ್ಪಿಸಿದೆನೆಂದು ಹೇಳಿಕೊಳ್ಳುವುದರ ಅರ್ಥವನ್ನು ಪ್ರಯೋಗಾಲಯ ಹೇಳಲಾರದು.

ಕೆಲವು ಗೋಪುರಗಳ ಗೋಡೆಯಲ್ಲಿ ಅಂಗೈಯ ಗುರುತುಗಳಿವೆ. ಇವು ಶಿಲ್ಪಿಯ ಮುದ್ರೆಗಳೆಂದು ಸಂಪ್ರದಾಯ ಹೇಳುತ್ತದೆ. ಯಾಂಡ್‌ನಂತಹ ಶಿಲ್ಪಿಗಳ ಹೆಸರುಗಳು, ಬಾರ್ಕಿನ್‌ಖೊಯೆವ್ ಕುಲದವರ ನಿರ್ಮಾಣಕೌಶಲದ ಖ್ಯಾತಿ ಐತಿಹ್ಯಗಳಲ್ಲಿ ಉಳಿದುಬಂದಿವೆ. ಯಾವ ಶಾಸನವೂ ಹೇಳದ ಕರ್ತೃತ್ವವನ್ನು ಇಲ್ಲಿ ಜನರ ನೆನಪು ಕಾಪಾಡಿದೆ.

ಸ್ಥಳೈತಿಹ್ಯಗಳೂ ಅಷ್ಟೇ ಸಮೃದ್ಧವಾಗಿವೆ. ಎಗಿಕಾಲ್, ಖಮ್ಖಿ ಮತ್ತು ತರ್ಗಿಮ್ ಎಂಬ ಮೂರು ನೆರೆಯ ಗ್ರಾಮಗಳನ್ನು ಮೂವರು ಸಹೋದರರು ಸ್ಥಾಪಿಸಿದರೆಂಬ ಕಥೆ ಆ ಗ್ರಾಮಗಳ ಕುಲಗಳ ನಡುವಣ ಬಾಂಧವ್ಯವನ್ನು ವಿವರಿಸುತ್ತದೆ. ವೊವ್ನುಷ್ಕಿಯ ಗೋಪುರಗಳು ಬೇರೆ ಬೇರೆ ಬಂಡೆಗಳ ನೆತ್ತಿಯ ಮೇಲೆ ನಿಂತಿವೆ. ಅವುಗಳ ನಡುವೆ ಹಿಂದೆ ತೂಗುಸೇತುವೆ ಇತ್ತೆಂದು ಐತಿಹ್ಯವಿದೆ. ಎರ್ಜಿ ಎಂದರೆ ಹದ್ದು. ಈ ಗ್ರಾಮದೊಂದಿಗೆ ಸಂಬಂಧವುಳ್ಳ ಕಂಚಿನ ಹದ್ದಿನಾಕಾರದ ಪಾತ್ರೆ ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿನ ಅರಬ್ಬಿ ಬರಹ ಹಿಜರಿ 180ನೇ ವರ್ಷವನ್ನು, ಅಂದರೆ ಕ್ರಿ.ಶ. 796–797ನ್ನು ಸೂಚಿಸುತ್ತದೆ. ಅಷ್ಟು ದೂರದಿಂದ ಬಂದ ಪಾತ್ರೆ, ಪರ್ವತದ ಒಂದು ಗ್ರಾಮ, ಆ ಗ್ರಾಮದ ಹೆಸರು, ಈ ಮೂರನ್ನೂ ಜೋಡಿಸಿದ್ದು ಸ್ಥಳೀಯರ ನೆನಪೇ. ಆ ನೆನಪಿಲ್ಲದಿದ್ದರೆ ಪಾತ್ರೆ ಸಂಗ್ರಹಾಲಯದ ಒಂದು ಸುಂದರ ಕಲಾವಸ್ತುವಾಗಿ ಮಾತ್ರ ಉಳಿಯುತ್ತಿತ್ತು.

ದಾಖಲೀಕರಣದ ಮೊದಲ ಘಟ್ಟ

18ನೇ ಶತಮಾನದ ಕೊನೆ ಮತ್ತು 19ನೇ ಶತಮಾನದ ಮೊದಲ ದಶಕಗಳಲ್ಲಿ ಕಾಕಸಸ್‌ನಲ್ಲಿ ಸಂಚರಿಸಿದ ಯೂರೋಪಿನ ಪ್ರವಾಸಿಗಳ ಬರಹಗಳಲ್ಲಿ ಇಂಗುಷರ ಉಲ್ಲೇಖಗಳು ದೊರೆಯುತ್ತವೆ. ಆದರೆ ಸಮುದಾಯದ ಒಳಗಿನಿಂದ ಬಂದ ಮೊದಲ ವಿದ್ವಾಂಸ ಚಾಖ್ ಅಖ್ರಿಯೆವ್ (1850–1914). 1870ರ ದಶಕದಲ್ಲಿ ಆತ ಪ್ರಕಟಿಸಿದ ಲೇಖನಗಳಲ್ಲಿ ಇಂಗುಷರ ಐತಿಹ್ಯಗಳು, ನಾರ್ಟ್ ವೀರರ ಕಥೆಗಳು, ಹಬ್ಬಗಳು, ಶವಸಂಸ್ಕಾರದ ಪದ್ಧತಿಗಳು ದಾಖಲಾದವು. ಗೋಪುರಗಳನ್ನು ಅಳತೆ ಮಾಡುವುದು ಅಖ್ರಿಯೆವ್‌ನ ಉದ್ದೇಶವಾಗಿರಲಿಲ್ಲ. ಗೋಪುರಗಳಲ್ಲಿ ಬದುಕುತ್ತಿದ್ದವರ ಮಾತನ್ನು ಆತ ಬರೆದಿಟ್ಟನು. 1886ರಲ್ಲಿ ವ್ಸೆವೊಲೊದ್ ಮಿಲ್ಲರ್ ಈ ಪ್ರದೇಶದಲ್ಲಿ ಪುರಾತತ್ತ್ವ ಸಮೀಕ್ಷೆಯನ್ನು ಕೈಗೊಂಡನು. ಅದರ ಫಲಿತಾಂಶ 1888ರಲ್ಲಿ ಪ್ರಕಟವಾಯಿತು. ಹೀಗೆ ಮಾತಿನ ದಾಖಲೆ ಮತ್ತು ಕಲ್ಲಿನ ದಾಖಲೆ ಎರಡು ಪ್ರತ್ಯೇಕ ಕವಲುಗಳಾಗಿ ಆರಂಭವಾದವು.

ಇವೆರಡೂ ಮೊದಲ ಬಾರಿಗೆ ಹತ್ತಿರ ಬಂದದ್ದು 1920ರ ದಶಕದಲ್ಲಿ. 1923ರಲ್ಲಿ 'ಸೆರ್ದಾಲೊ' (ಬೆಳಕು) ಎಂಬ ಇಂಗುಷ್ ಪತ್ರಿಕೆ ಲ್ಯಾಟಿನ್ ಮೂಲದ ಲಿಪಿಯಲ್ಲಿ ಹೊರಬಂದಿತು. 1926ರಲ್ಲಿ ವ್ಲಾದಿಕಾವ್ಕಾಜ್ ನಗರದಲ್ಲಿ ಇಂಗುಷ್ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಸಾಹಿತ್ಯ ವಿದ್ವಾಂಸನಾಗಿದ್ದ ಲಿಯೊನಿದ್ ಸೆಮ್ಯೊನೊವ್ 1925ರಿಂದ 1932ರವರೆಗೆ ಪರ್ವತಗ್ರಾಮಗಳಲ್ಲಿ ಸತತವಾಗಿ ಸಮೀಕ್ಷಾ ತಂಡಗಳನ್ನು ಮುನ್ನಡೆಸಿದನು. ಆ ತಂಡದಲ್ಲಿದ್ದ ವಾಸ್ತುಶಿಲ್ಪಿ ಇವಾನ್ ಶ್ಚೆಬ್ಲಿಕಿನ್ ಗೋಪುರ, ಗುಡಿ ಮತ್ತು ಸಮಾಧಿಗೃಹಗಳ ನಕ್ಷೆಗಳನ್ನು ಸಿದ್ಧಪಡಿಸಿ, ಇಂಗುಷ್ ಕಲೆಯ ಕುರಿತ ತನ್ನ ಅಧ್ಯಯನವನ್ನು 1928ರಲ್ಲಿ ಪ್ರಕಟಿಸಿದನು. ಮುಂದೆ ಕಾಕಸಸ್ ಪುರಾತತ್ತ್ವದ ಪ್ರಮುಖ ವಿದ್ವಾಂಸನಾದ ಎವ್ಗೆನಿ ಕ್ರುಪ್ನೊವ್ ಆಗ ಈ ತಂಡದ ತರುಣ ಸದಸ್ಯ.

ಈ ಘಟ್ಟದ ದಾಖಲೆಗಳಿಗೆ ಇಂದು ವಿಶೇಷ ಬೆಲೆ ಬಂದಿರುವುದಕ್ಕೆ ಕಾರಣ ಸರಳವಾದುದು. ಆ ನಕ್ಷೆಗಳನ್ನು ಬರೆಯುವಾಗ ಗೋಪುರಗ್ರಾಮಗಳಲ್ಲಿ ಇನ್ನೂ ಜನವಸತಿ ಇತ್ತು. ಯಾವ ಗೋಪುರ ಯಾರದು ಎಂದು ಕೇಳಿದರೆ ಉತ್ತರ ಕೊಡುವವರು ಎದುರಿಗಿದ್ದರು.

1944: ಮನೆಗಳು ಉಳಿದು ಜನರು ಇಲ್ಲವಾದದ್ದು

1944ರ ಫೆಬ್ರವರಿ 23ರಂದು ಸೋವಿಯತ್ ಆಡಳಿತ ಇಂಗುಷ್ ಮತ್ತು ಚೆಚೆನ್ ಜನಾಂಗಗಳನ್ನು ಇಡಿಯಾಗಿ ಗಡೀಪಾರು ಮಾಡಲು ಆರಂಭಿಸಿತು. ಸುಮಾರು ಐದು ಲಕ್ಷ ಜನರನ್ನು ಸರಕು ರೈಲುಗಳಲ್ಲಿ ತುಂಬಿ ಕಜಾಕ್‌ಸ್ತಾನ ಮತ್ತು ಕಿರ್ಗಿಸ್ತಾನಗಳಿಗೆ ಸಾಗಿಸಲಾಯಿತು. ದಾರಿಯಲ್ಲಿ ಮತ್ತು ಮೊದಲ ವರ್ಷಗಳಲ್ಲಿ ಹಸಿವು, ಚಳಿ, ರೋಗಗಳಿಂದ ಸತ್ತವರ ಸಂಖ್ಯೆ ಅಪಾರ. ಚೆಚೆನ್-ಇಂಗುಷ್ ಗಣರಾಜ್ಯವನ್ನು ರದ್ದುಪಡಿಸಿ ಅದರ ನೆಲವನ್ನು ನೆರೆಯ ಆಡಳಿತ ಘಟಕಗಳಿಗೆ ಹಂಚಲಾಯಿತು. ಸ್ಥಳನಾಮಗಳು ಬದಲಾದವು, ನಜ್ರಾನ್ ಪಟ್ಟಣ ಒಸೆಟಿಯಾದ ಕವಿ ಕೊಸ್ತಾ ಖೆತಗುರೊವ್‌ನ ಹೆಸರನ್ನು ಹೊತ್ತಿತು. 1957ರಲ್ಲಿ ಗಣರಾಜ್ಯ ಮರುಸ್ಥಾಪನೆಯಾಗಿ ಜನರು ಮರಳಿದರಾದರೂ, ಪರ್ವತಗ್ರಾಮಗಳಲ್ಲಿ ಮತ್ತೆ ನೆಲೆಸುವುದಕ್ಕೆ ಅಡೆತಡೆಗಳಿದ್ದವು. ಬಹುಪಾಲು ಕುಟುಂಬಗಳು ಬಯಲು ಪ್ರದೇಶದಲ್ಲಿಯೇ ಬದುಕು ಕಟ್ಟಿಕೊಂಡವು.

ಗೋಪುರಗಳ ಶಿಥಿಲತೆಯ ಇತಿಹಾಸವನ್ನು ಈ ಘಟನೆಯಿಂದ ಬೇರ್ಪಡಿಸಲಾಗದು. ವಾಸದ ಗೋಪುರದ ಮಟ್ಟಸ ಮಣ್ಣಿನ ಮಾಳಿಗೆಗೆ ಪ್ರತಿವರ್ಷವೂ ಆರೈಕೆ ಬೇಕು. ಹಿಮವನ್ನು ತಳ್ಳಬೇಕು, ಬಿರುಕಿಗೆ ಮಣ್ಣು ತುಂಬಬೇಕು, ದಿಮ್ಮಿಸಿ ಗಟ್ಟಿಗೊಳಿಸಬೇಕು. ಆ ಕೈಗಳು ಇಲ್ಲವಾದ ಕೂಡಲೇ ನೀರು ಒಳಗಿಳಿಯಿತು. ತೊಲೆಗಳು ಕೊಳೆತು ಬಿದ್ದವು. ತೊಲೆ ಮತ್ತು ಅಂತಸ್ತುಗಳ ಆಧಾರ ತಪ್ಪಿದ ಗೋಡೆಗಳು ಒಂಟಿಯಾಗಿ ನಿಂತವು. ಗಾರೆಯ ಸಂದಿಗಳಲ್ಲಿ ಸೇರಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲುಗಳನ್ನು ಸಡಿಲಿಸಿತು. ಗೋಡೆಯ ಬಿರುಕಿನಲ್ಲಿ ಬೇರೂರಿದ ಗಿಡಗಳು ಉಳಿದ ಕೆಲಸವನ್ನು ಮುಗಿಸಿದವು. ಕಲ್ಲಿನ ಛಾವಣಿಯುಳ್ಳ ಯುದ್ಧಗೋಪುರಗಳು ಹೆಚ್ಚು ಉಳಿದು, ವಾಸದ ಗೋಪುರಗಳು ಹೆಚ್ಚು ಕುಸಿದಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ಇದರ ಪರಿಣಾಮವಾಗಿ ನೋಡುಗರ ಕಣ್ಣಿಗೆ ಇಂಗುಷರ ಗತಕಾಲ ಯುದ್ಧದ ಕಾಲವಾಗಿಯೇ ಕಾಣುತ್ತದೆ. ಒಲೆ, ಕೊಟ್ಟಿಗೆ, ಕಣಜಗಳ ನಿತ್ಯಜೀವನ ಕಲ್ಲಿನ ರಾಶಿಯ ಕೆಳಗೆ ಮರೆಯಾಗಿದೆ.

ನೆರೆಯ ಜಾರ್ಜಿಯಾದ ಮೇಲಣ ಸ್ವಾನೆತಿಯೊಂದಿಗೆ ಹೋಲಿಸಿದರೆ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಪ್ರದೇಶದ ಚಾಝಾಶಿ ಗ್ರಾಮದಲ್ಲಿ ಗೋಪುರಮನೆಗಳ ಪಕ್ಕದಲ್ಲಿ ಜನವಸತಿ ಕಡಿಯದೆ ಮುಂದುವರಿದಿದೆ. ಅಲ್ಲಿಯೂ ಶಿಥಿಲತೆ ಇದೆ, ವಲಸೆ ಇದೆ. ಆದರೆ ಒಂದೇ ದಿನದಲ್ಲಿ ಇಡೀ ಕಣಿವೆ ಬರಿದಾದ ಅನುಭವ ಇಂಗುಷ್ ಪರ್ವತಗಳದ್ದು.

ದೇಶಭ್ರಷ್ಟರ ನೆನಪು

ಹದಿಮೂರು ವರ್ಷಗಳ ಗಡೀಪಾರಿನ ಅವಧಿಯಲ್ಲಿ ಗೋಪುರಗಳನ್ನು ಕಾಣಲಾಗದ ಜನರು ಅವುಗಳ ಹೆಸರುಗಳನ್ನು ಉಳಿಸಿಕೊಂಡರು. ಏಳು ತಲೆಮಾರಿನ ಪೂರ್ವಜರ ಹೆಸರನ್ನು ತಿಳಿದಿರಬೇಕೆಂಬುದು ಇಂಗುಷರಲ್ಲಿ ಸಂಪ್ರದಾಯ. ಅವರ ಅನೇಕ ಕುಲನಾಮಗಳು ಗೋಪುರಗ್ರಾಮಗಳಿಂದಲೇ ಬಂದಂತಹವು. ಖಮ್ಖಿಯವರು ಖಮ್ಖೊಯೆವ್, ಲೈಮಿಯವರು ಲೈಮೊಯೆವ್, ತ್ಸೋರಿಯವರು ತ್ಸೋರೊಯೆವ್, ತರ್ಗಿಮ್‌ನವರು ತರ್ಗಿಮೊವ್. ಗ್ರಾಮನಾಮಕ್ಕೆ 'ಅಲ್ಲಿಯವರು' ಎಂಬರ್ಥದ ಪ್ರತ್ಯಯ, ಅದರ ಮೇಲೆ ರಷ್ಯನ್ ಕುಲನಾಮದ ಪ್ರತ್ಯಯ ಸೇರಿ ಈ ರೂಪಗಳು ಸಾಮಾನ್ಯವಾಗಿ ಸಿದ್ಧವಾಗಿವೆ. ಊರಿನ ಹೆಸರನ್ನು ಭೂಪಟದಿಂದ ಅಳಿಸಿದ್ದ ಆಡಳಿತವೇ ಆ ಊರಿನವನ ಗುರುತಿನ ಕಾಗದದಲ್ಲಿ ಅದೇ ಹೆಸರನ್ನು ಬರೆದುಕೊಳ್ಳಬೇಕಾಯಿತು. ಜನಪದದ ಒಂದು ಸಾಮಾನ್ಯ ಘಟಕವಾದ ಕುಲನಾಮ ಇಲ್ಲಿ ಭೂದಾಖಲೆಯ ಕೆಲಸವನ್ನು ಮಾಡಿದೆ.

1957ರ ನಂತರ ಸಂಶೋಧನೆ ಮತ್ತೆ ಚಿಗುರಿತು. 1960ರ ದಶಕದಲ್ಲಿ ಜಾರ್ಜಿಯಾದ ವಿದ್ವಾಂಸ ಅಲೆಕ್ಸಿ ರೊಬಾಕಿದ್ಜೆ ಮತ್ತು ಸಂಗಡಿಗರು ನಡೆಸಿದ ಜನಾಂಗಶಾಸ್ತ್ರೀಯ ಅಧ್ಯಯನ 1968ರಲ್ಲಿ ಪ್ರಕಟವಾಯಿತು. ಕ್ರುಪ್ನೊವ್‌ನ 'ಮಧ್ಯಕಾಲೀನ ಇಂಗುಷೆತಿಯಾ' ಎಂಬ ಗ್ರಂಥ ಆತನ ನಿಧನದ ಮರುವರ್ಷ, 1971ರಲ್ಲಿ, ಹೊರಬಂದಿತು. ಜಾನಪದದ ದೃಷ್ಟಿಯಿಂದ ಇವುಗಳಷ್ಟೇ ಮಹತ್ವದ ಕೆಲಸ ಅಹ್ಮದ್ ಸುಲೈಮಾನೊವ್‌ನದು. ಚೆಚೆನ್-ಇಂಗುಷ್ ಪ್ರದೇಶದ ಸ್ಥಳನಾಮಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿ ಆತ 1976ರಿಂದ 1985ರವರೆಗೆ ನಾಲ್ಕು ಭಾಗಗಳಲ್ಲಿ ಪ್ರಕಟಿಸಿದನು. ಜನವಸತಿ ಇಲ್ಲದ ಕಣಿವೆಗಳ ಹೊಲ, ಝರಿ, ಕಣಿವೆದಾರಿ, ಗುಡಿ, ಗೋಪುರಗಳ ಹೆಸರುಗಳು ಆ ಸಂಪುಟಗಳಲ್ಲಿವೆ. ಅವು ಕಾಗದಕ್ಕೆ ಬಾರದಿದ್ದರೆ ಹೇಳುವವರೊಂದಿಗೇ ಮುಗಿದುಹೋಗುತ್ತಿದ್ದವು.

ಸಂರಕ್ಷಣೆಯ ಸಮಸ್ಯೆಗಳು

1988ರಲ್ಲಿ ಸಂರಕ್ಷಿತ ವಲಯ ಸ್ಥಾಪನೆಯಾದುದು ಒಂದು ತಿರುವು. ಆದರೆ ಅದರ ಬೆನ್ನಿಗೇ ಸೋವಿಯತ್ ಒಕ್ಕೂಟದ ವಿಘಟನೆ, 1992ರಲ್ಲಿ ಪ್ರತ್ಯೇಕ ಇಂಗುಷ್ ಗಣರಾಜ್ಯದ ರಚನೆ, ಅದೇ ವರ್ಷ ಪ್ರಿಗೊರೊದ್ನಿ ಪ್ರದೇಶದ ಘರ್ಷಣೆ, ನೆರೆಯ ಚೆಚೆನ್ಯಾದ ಯುದ್ಧಗಳು ಒಂದರ ಹಿಂದೊಂದು ಬಂದವು. ನಿರಾಶ್ರಿತರಿಗೆ ಸೂರು ಒದಗಿಸಬೇಕಾದ ಕಾಲದಲ್ಲಿ ಪ್ರಾಚೀನ ಸೂರುಗಳ ದುರಸ್ತಿ ಹಿಂದೆ ಸರಿದುದು ಸಹಜ.

ತಾಂತ್ರಿಕ ಸಮಸ್ಯೆಗಳಲ್ಲಿ ಗಾರೆಯದು ಮೊದಲನೆಯದು. ಹಳೆಯ ಸುಣ್ಣದ ಗಾರೆ ಮೃದುವಾದುದು. ಗೋಡೆಯೊಳಗಿನ ತೇವವನ್ನು ಹೊರಬಿಡುತ್ತದೆ, ಗೋಡೆ ಅಲ್ಪಸ್ವಲ್ಪ ಅಲುಗಿದರೂ ಹೊಂದಿಕೊಳ್ಳುತ್ತದೆ. ಸಿಮೆಂಟು ಗಡುಸಾದುದು, ತೇವವನ್ನು ಒಳಗೇ ಹಿಡಿದಿಡುತ್ತದೆ, ಒತ್ತಡವನ್ನು ಕಲ್ಲಿಗೆ ವರ್ಗಾಯಿಸುತ್ತದೆ. ಆದುದರಿಂದ ಸಿಮೆಂಟಿನಿಂದ ಮಾಡಿದ ದುರಸ್ತಿ ಕೆಲವು ವರ್ಷಗಳಲ್ಲಿಯೇ ಹಳೆಯ ಕಲ್ಲಿಗೆ ಹಾನಿ ತರಬಲ್ಲದು. ಎರಡನೆಯದು, ಬಿದ್ದ ಭಾಗವನ್ನು ಮತ್ತೆ ಕಟ್ಟಬೇಕೇ ಎಂಬ ಪ್ರಶ್ನೆ. ಊಹೆ ಎಲ್ಲಿ ಆರಂಭವಾಗುವುದೋ ಅಲ್ಲಿ ಪುನರ್ನಿರ್ಮಾಣ ನಿಲ್ಲಬೇಕೆಂಬುದು 1964ರ ವೆನಿಸ್ ಸನ್ನದಿನ ನಿಲುವು. ಹಳೆಯ ನಕ್ಷೆ ಮತ್ತು ಛಾಯಾಚಿತ್ರಗಳು ಉಳಿದಿರುವ ಗೋಪುರಗಳಲ್ಲಿ ಆ ಗೆರೆಯನ್ನು ಗುರುತಿಸುವುದು ಸುಲಭ. ಶ್ಚೆಬ್ಲಿಕಿನ್‌ನಂತಹವರ ರೇಖಾಚಿತ್ರಗಳು ಸಂಗ್ರಹಯೋಗ್ಯ ವಸ್ತುಗಳಾಗಿ ಮಾತ್ರ ಉಳಿಯದೆ ದುರಸ್ತಿಗಾರನ ಕೈಪಿಡಿಯೂ ಆಗುವುದು ಹೀಗೆ.

ಮೂರನೆಯದು ಒಡೆತನದ ಪ್ರಶ್ನೆ. ಕಾನೂನಿನ ದೃಷ್ಟಿಯಲ್ಲಿ ಗೋಪುರ ರಾಜ್ಯರಕ್ಷಿತ ಸ್ಮಾರಕ. ಕುಲದವರ ದೃಷ್ಟಿಯಲ್ಲಿ ಅದು ಪೂರ್ವಜರ ಮನೆ. ವಾಸದ ಗೋಪುರದ ಒಲೆಯ ಮೇಲೆ ತೂಗುತ್ತಿದ್ದ ಸರಪಳಿ ಇಂಗುಷರಿಗೆ ಪವಿತ್ರವಾದುದಾಗಿತ್ತು. ಅದನ್ನು ಮುಟ್ಟಿ ಆಣೆ ಇಡುತ್ತಿದ್ದರು, ಆಶ್ರಯ ಬೇಡಿ ಬಂದವನು ಅದನ್ನು ಹಿಡಿದರೆ ಅವನ ರಕ್ಷಣೆ ಮನೆಯವರ ಹೊಣೆಯಾಗುತ್ತಿತ್ತು. ಅಂತಹ ಮನೆಯ ಗೋಡೆಯನ್ನು ಬಿದ್ದಂತೆಯೇ ಕಾಯ್ದಿಡಬೇಕೆಂದು ತಜ್ಞರು ಹೇಳಿದರೆ, ಅದನ್ನು ಎತ್ತಿ ನಿಲ್ಲಿಸುವುದೇ ಮಕ್ಕಳ ಕರ್ತವ್ಯವೆಂದು ಕುಲದವರು ಭಾವಿಸುತ್ತಾರೆ. ಗಡೀಪಾರಿನ ನೆನಪಿರುವ ಸಮುದಾಯದಲ್ಲಿ ಈ ಭಾವನೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅದೇ ವೇಳೆಗೆ, ಹೊಸದಾಗಿ ಕಟ್ಟಿದ್ದನ್ನು ಮಧ್ಯಕಾಲೀನವೆಂದು ಕರೆಯುವುದಕ್ಕೂ ಇತಿಹಾಸ ಒಪ್ಪುವುದಿಲ್ಲ. ಹೊಸ ಭಾಗವನ್ನು ಹೊಸದೆಂದು ಕಾಣುವಂತೆ ಕಟ್ಟಿ, ದಿನಾಂಕ ಸಹಿತ ದಾಖಲಿಸುವುದು ಎರಡೂ ಪಕ್ಷಗಳಿಗೆ ನ್ಯಾಯ ಸಲ್ಲಿಸುವ ಮಾರ್ಗವಾಗಬಲ್ಲದು.

ಇಂದು ಲೇಸರ್ ಅಳತೆ, ಡ್ರೋನ್ ಛಾಯಾಗ್ರಹಣ ಮತ್ತು ಗಣಕಯಂತ್ರದ ಮೂರು ಆಯಾಮದ ಮಾದರಿಗಳಿಂದ ಗೋಪುರದ ಪ್ರತಿ ಕಲ್ಲನ್ನೂ ದಾಖಲಿಸಲು ಸಾಧ್ಯ. ಕುಸಿಯುವ ಮೊದಲೇ ಗೋಡೆಯ ವಾಲಿಕೆಯನ್ನು ಅಳೆಯುವಲ್ಲಿ ಈ ವಿಧಾನಗಳ ಉಪಯೋಗ ಹಿರಿದು. ಆದರೆ ಕಿಟಕಿಯ ಅಳತೆಯನ್ನು ಮಿಲಿಮೀಟರಿನಷ್ಟು ನಿಖರವಾಗಿ ಹೇಳುವ ಮಾದರಿಗೆ ಆ ಕಿಟಕಿಯ ಪಕ್ಕ ಯಾರು ಕುಳಿತಿರುತ್ತಿದ್ದರು, ಒಳಗಿನ ಗೂಡಿನಲ್ಲಿ ಏನನ್ನು ಇಡುತ್ತಿದ್ದರು, ಆ ಮನೆಯ ಮಗಳು ಯಾವ ಊರಿಗೆ ಸೊಸೆಯಾಗಿ ಹೋದಳು ಎಂಬುದು ತಿಳಿಯದು. ಅದನ್ನು ಹೇಳಬಲ್ಲವರು 1944ಕ್ಕೆ ಮೊದಲು ಪರ್ವತಗ್ರಾಮಗಳಲ್ಲಿ ಹುಟ್ಟಿದವರು. ಅಂದು ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತನ್ನು ದಾಟಿದ್ದಾರೆ. ಕಲ್ಲು ಇನ್ನೂ ಕೆಲವು ದಶಕ ಕಾಯಬಹುದು, ಈ ವಕ್ತೃಗಳ ವಿಷಯದಲ್ಲಿ ಅಂತಹ ಅವಕಾಶವಿಲ್ಲ. ಸಂರಕ್ಷಣೆಯ ಕಾರ್ಯಕ್ರಮಗಳು ತಮ್ಮ ಆದ್ಯತೆಯ ಕ್ರಮವನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕಾದ ಅಗತ್ಯವಿದೆ.

ಉಪಸಂಹಾರ

ನಜ್ರಾನ್ ನಗರದಲ್ಲಿ 1997ರ ಫೆಬ್ರವರಿ 23ರಂದು ಗಡೀಪಾರಿಗೆ ಬಲಿಯಾದವರ ಸ್ಮಾರಕವೊಂದು ಉದ್ಘಾಟನೆಯಾಯಿತು. ಮುಳ್ಳುತಂತಿಯಿಂದ ಬಿಗಿದ ಒಂಬತ್ತು ಗೋಪುರಗಳ ಆಕಾರ ಅದರದು. ಗಣರಾಜ್ಯದ ಲಾಂಛನದಲ್ಲಿ ಗೋಪುರವಿದೆ. ರಾಜಧಾನಿ ಮಗಸ್‌ನಲ್ಲಿ 2013ರಲ್ಲಿ 100 ಮೀಟರ್ ಎತ್ತರದ ಹೊಸ ಗೋಪುರ ಎದ್ದು ನಿಂತಿದೆ. ದುಃಖವನ್ನಾಗಲಿ ಹೆಮ್ಮೆಯನ್ನಾಗಲಿ ಹೇಳಬೇಕಾದಾಗ ಈ ಜನಾಂಗಕ್ಕೆ ಒದಗಿಬರುವ ರೂಪ ಗೋಪುರವೇ. ಬಯಲಿನ ಈ ಹೊಸ ಗೋಪುರಗಳಿಗೆ ಅರ್ಥ ಬರುವುದು ಪರ್ವತದ ಹಳೆಯ ಗೋಪುರಗಳಿಂದ.

ಆದುದರಿಂದ ಗೋಪುರದ ದಾಖಲೆ ಎಂದರೆ ನಕ್ಷೆ, ಅಳತೆ, ಕಾಲನಿರ್ಣಯ ಇಷ್ಟೇ ಆಗಲಾರದು. ಅದನ್ನು ಕಟ್ಟಿಸಿದ ಕುಲ, ಕಟ್ಟಿದ ಶಿಲ್ಪಿ, ಕಟ್ಟಿದ ರೀತಿಯ ಐತಿಹ್ಯ, ಸುತ್ತಲಿನ ಹೊಲಗದ್ದೆಗಳ ಹೆಸರು, ಬಿಟ್ಟುಹೋದ ದಿನದ ನೆನಪು ಇವೆಲ್ಲವೂ ಅದೇ ಕಡತದಲ್ಲಿ ಸೇರಬೇಕು. ಅಖ್ರಿಯೆವ್ ಮಾತನ್ನು ಬರೆದಿಟ್ಟನು, ಶ್ಚೆಬ್ಲಿಕಿನ್ ಕಲ್ಲನ್ನು ಬರೆದಿಟ್ಟನು, ಸುಲೈಮಾನೊವ್ ಹೆಸರನ್ನು ಬರೆದಿಟ್ಟನು. ಈ ಮೂವರ ಪುಟಗಳನ್ನು ಒಂದೊಂದು ಗೋಪುರದ ಲೆಕ್ಕದಲ್ಲಿ ಒಟ್ಟಿಗೆ ಇಡುವ ಕೆಲಸ ಮುಂದಿನ ಸಂಶೋಧಕರದು. ಹೇಳುವ ಹಿರಿಯರು ಇರುವಾಗಲೇ ಅದು ಆರಂಭವಾಗಬೇಕಾಗಿದೆ.